ಪಾಂಡವಪುರದಲ್ಲಿ ನಿಲ್ಲದ ರೈಲು

ಮಗನಿಗೆ ಮೂರು ವರ್ಷ ತುಂಬಿದ ದಿನ ಮನೆಗೆ ರೈಲು ಬಂತು. ದೊಡ್ಡ ಪೆಟ್ಟಿಗೆ, ಅದರ ಮೇಲೆ ಮಿರಮಿರ ಮಿಂಚುವ ಚಿತ್ರ, ಒಳಗೆ ಕಪ್ಪು ಪ್ಲಾಸ್ಟಿಕ್ ಹಳಿಯ ತುಂಡುಗಳು, ಒಂದು ಎಂಜಿನ್, ಮೂರು ಬೋಗಿ. ಹಳಿ ಜೋಡಿಸಿ, ಎಂಜಿನ್ನಿನ ಹೊಟ್ಟೆಗೆ ಎರಡು ಸೆಲ್ ತುಂಬಿ ಗುಂಡಿ ಒತ್ತಿದರೆ ಮುಂದಿನ ದೀಪ ಹತ್ತಿಕೊಂಡು, ಒಂದು ಕೂಗು ಹಾಕಿ, ರೈಲು ಗುಂಡಗೆ ಓಡತೊಡಗುತ್ತದೆ. ನಾವೆಲ್ಲ ನೆಲದ ಮೇಲೆ ಕುಳಿತು ಚಪ್ಪಾಳೆ ತಟ್ಟಿದೆವು. ಅವನೂ ತಟ್ಟಿದ. ಮೂರು ಸುತ್ತಾಯಿತು, ನಾಲ್ಕು ಸುತ್ತಾಯಿತು. ಐದನೆಯ ಸುತ್ತಿಗೆ ಅವನು ಎದ್ದು ಹೋಗಿ, ಮಂಚದ ಕಾಲಿನ ಪಕ್ಕದಲ್ಲಿ ಹಳಿಗೆ ಅಡ್ಡಲಾಗಿ ಅಂಗೈ ಇಟ್ಟು, "ಪಾಂಡವಪುರ ಬಂತು, ನಿಲ್ಲು" ಎಂದ.

ರೈಲು ನಿಲ್ಲಲಿಲ್ಲ. ಅಂಗೈಗೆ ಬಂದು ಗುದ್ದಿತು. ಹಿಂದಿನ ಬೋಗಿಗಳು ಹಳಿಯಿಂದ ಜಾರಿ ಮಗ್ಗುಲಾದವು. ಎಂಜಿನ್ ಮಾತ್ರ ಕೈಯನ್ನು ತಳ್ಳುತ್ತ ಗರಗರ ಸದ್ದು ಮಾಡುತ್ತಲೇ ಇತ್ತು. ಅವನು ಅದನ್ನು ಎತ್ತಿ ಹಿಡಿದ. ಗಾಳಿಯಲ್ಲೂ ಚಕ್ರಗಳು ತಿರುಗುತ್ತಿದ್ದವು. ಆ ಚಕ್ರಗಳನ್ನೇ ಸ್ವಲ್ಪ ಹೊತ್ತು ನೋಡಿದ. ಮುಖ ಮೊದಲು ಗಂಭೀರವಾಯಿತು, ಆಮೇಲೆ ತುಟಿ ಅಲುಗಿತು, ಆಮೇಲೆ ದೊಡ್ಡ ದನಿಯಲ್ಲಿ ಅಳು. ಕೈಗೆ ಪೆಟ್ಟಾಯಿತೇನೋ ಎಂದುಕೊಂಡು ಎಲ್ಲರೂ ಅಂಗೈ ತಿರುಗಿಸಿ ನೋಡಿದರು. ಪೆಟ್ಟಾಗಿರಲಿಲ್ಲ. "ನಿಲ್ಲು ಅಂದರೆ ನಿಲ್ಲಲೇ ಇಲ್ಲ" ಎಂದು ಬಿಕ್ಕುತ್ತ ಅವನು ಹೇಳಿದ್ದನ್ನು ನಾನೊಬ್ಬಳೇ ಕೇಳಿಸಿಕೊಂಡೆ.

ಆ ಮಾತು ನನ್ನನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಆಟಿಕೆ ಆರಿಸುವಾಗ ನಾವು ಬೆಲೆ ನೋಡಿದ್ದೆವು, ಬಣ್ಣ ನೋಡಿದ್ದೆವು, ಎಷ್ಟು ಬೋಗಿ ಎಂದು ಎಣಿಸಿದ್ದೆವು. ರೈಲು ಎಂದರೆ ಈ ಹುಡುಗನಿಗೆ ಏನು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಅವನ ರೈಲು ಅಜ್ಜಿಯ ಊರಿಗೆ ಹೋಗುವ ರೈಲು. ನನ್ನ ತಾಯಿ ಮಂಡ್ಯದಲ್ಲಿದ್ದಾರೆ. ತಿಂಗಳಿಗೆ ಎರಡು ಸಲವಾದರೂ ನಾನು ಅವನನ್ನು ಕರೆದುಕೊಂಡು ಮೈಸೂರು ನಿಲ್ದಾಣದಲ್ಲಿ ಪ್ಯಾಸೆಂಜರ್ ಗಾಡಿ ಹತ್ತುತ್ತೇನೆ. ಬಸ್ಸಿನಲ್ಲಿ ಬೇಗ ಹೋಗಬಹುದು, ಆದರೆ ಬಸ್ಸಿನಲ್ಲಿ ಅವನಿಗೆ ವಾಂತಿಯಾಗುತ್ತದೆ. ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಮಂಡ್ಯ. ಒಂದು, ಎರಡು, ಮೂರು ಎಂದು ಎಣಿಸಲು ಬರುವ ಮೊದಲೇ ಅವನಿಗೆ ಈ ಹೆಸರುಗಳು ಇದೇ ಕ್ರಮದಲ್ಲಿ ಬರುತ್ತಿದ್ದವು. ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ಕಾವೇರಿಯನ್ನು ಎರಡು ಸಲ ದಾಟಬೇಕು, ಊರಿಗೆ ಮೊದಲು ಒಂದು ಸೇತುವೆ, ಊರು ಕಳೆದ ಮೇಲೆ ಇನ್ನೊಂದು. ಸೇತುವೆ ಬಂದಾಗ ಗಾಡಿಯ ಸದ್ದು ಬದಲಾಗುತ್ತದೆ. ಅದಕ್ಕೆ ಅವನು ಉಸಿರು ಬಿಗಿಹಿಡಿದು ಕಾಯುತ್ತಾನೆ. ಪಾಂಡವಪುರದಲ್ಲಿ ಒಮ್ಮೆ ಗಾಡಿ ನಿಂತಾಗ ಸೌತೆಕಾಯಿ ಮಾರುವ ಹೆಂಗಸು ಕಿಟಕಿಯ ಕಂಬಿಯೊಳಗಿಂದ ಅವನ ಕೈಗೆ ಉಪ್ಪುಖಾರ ಹಚ್ಚಿದ ಒಂದು ಹೋಳು ಕೊಟ್ಟಿದ್ದಳು. ದುಡ್ಡು ತೆಗೆದುಕೊಂಡಿರಲಿಲ್ಲ. ಅಂದಿನಿಂದ ಅವನ ಲೆಕ್ಕದಲ್ಲಿ ಪಾಂಡವಪುರ ದೊಡ್ಡ ಊರು.

ರೈಲು ಎಂದರೆ ಅವನಿಗೆ ಓಟವಲ್ಲ. ಓಡುವುದನ್ನು ಅವನು ಕಾರಿನಲ್ಲೂ ಕಂಡಿದ್ದಾನೆ, ಬಸ್ಸಿನಲ್ಲೂ ಕಂಡಿದ್ದಾನೆ. ಅಷ್ಟು ದೊಡ್ಡ ವಸ್ತು ಒಂದು ಸಣ್ಣ ಊರಿನ ಮುಂದೆ ತಾನಾಗಿ ಬಂದು ನಿಲ್ಲುತ್ತದೆ, ಜನ ಇಳಿಯುತ್ತಾರೆ, ಜನ ಹತ್ತುತ್ತಾರೆ, ಮತ್ತೆ ಹೊರಡುತ್ತದೆ. ಅವನ ರೈಲು ಅದು. ನಾವು ತಂದುಕೊಟ್ಟ ಆಟಿಕೆಗೆ ಓಡುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಗೊಂಬೆ ಮೆಟ್ಟಿಲ ಮೇಲಿನ ತಗಡಿನ ರೈಲು

ನನ್ನ ಬಾಲ್ಯದಲ್ಲೂ ಮನೆಯಲ್ಲಿ ಒಂದು ರೈಲು ಇತ್ತು. ಹಸಿರು ತಗಡಿನದು, ಕೀಲಿ ಕೊಟ್ಟರೆ ಓಡುವಂಥದು. ಯಾರೋ ದೊಡ್ಡಪ್ಪ ಮುಂಬಯಿಯಿಂದ ತಂದದ್ದಂತೆ. ವರ್ಷದಲ್ಲಿ ಹತ್ತು ದಿನ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಇರುತ್ತಿತ್ತು. ನವರಾತ್ರಿಯ ಪಾಡ್ಯದ ದಿನ ಅಜ್ಜಿ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿದ ಮೇಲೆ, ಕೆಳಗಿನ ಸಾಲಿನಲ್ಲಿ ಶೆಟ್ಟಿ ದಂಪತಿಯ ಅಂಗಡಿಗೂ ರಾಗಿ ಪೈರಿನ ಹೊಲಕ್ಕೂ ನಡುವೆ ಆ ರೈಲನ್ನು ಇಡುತ್ತಿದ್ದರು. ಮುಟ್ಟುವ ಹಾಗಿರಲಿಲ್ಲ. ಕೀಲಿಯನ್ನು ಅಜ್ಜಿ ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದರು. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳೆಲ್ಲ ಆ ರೈಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದೆವು. ಅದರ ಕಿಟಕಿಗಳಲ್ಲಿ ಬಣ್ಣದಲ್ಲೇ ಬರೆದ ಮುಖಗಳಿದ್ದವು. ಟೋಪಿ ಹಾಕಿದ ಒಬ್ಬಾತ ಎಲ್ಲ ಕಿಟಕಿಯಲ್ಲೂ ಇದ್ದ. ವಿಜಯದಶಮಿಯ ರಾತ್ರಿ ಅದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮತ್ತೆ ಪೆಟ್ಟಿಗೆ ಸೇರುತ್ತಿತ್ತು.

ಅದು ಓಡಿದ್ದನ್ನು ನಾನು ನೋಡಿಯೇ ಇಲ್ಲ. ಆದರೂ ಆ ರೈಲಿನ ಬಗ್ಗೆ ನನಗೆ ಇಂದಿಗೂ ಪ್ರೀತಿಯಿದೆ. ಪ್ರೀತಿಯ ಪಕ್ಕದಲ್ಲೇ ಒಂದು ಹಸಿವೂ ಉಳಿದಿದೆ. ಸದಾ ನಿಂತೇ ಇದ್ದ ರೈಲು ನನ್ನದು, ಎಂದೂ ನಿಲ್ಲದ ರೈಲು ಮಗನದು. ಎರಡರಲ್ಲೂ ಆಡುವ ಮಗುವಿನ ಮಾತಿಗೆ ಬೆಲೆಯಿಲ್ಲ. ನನ್ನದರ ಕೀಲಿ ಅಜ್ಜಿಯ ಹತ್ತಿರವಿತ್ತು, ಅವನದರ ಗುಂಡಿ ಎಂಜಿನ್ನಿನ ಹೊಟ್ಟೆಯ ಕೆಳಗೆ, ಅವನ ಬೆರಳಿಗೆ ಬಗ್ಗದಷ್ಟು ಬಿಗಿಯಾಗಿತ್ತು. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಮಗುವಿನ ಕೈಯಲ್ಲಿರಬೇಕು. ಆಟಿಕೆ ರೈಲಿನಲ್ಲಿ ನಾನು ಈಗ ಮೊದಲು ನೋಡುವುದು ಇದನ್ನೇ. ಉಳಿದದ್ದೆಲ್ಲ ಆಮೇಲೆ.

ಕೆಆರ್‌ಎಸ್ ರಸ್ತೆಯ ರೈಲು ಸಂಗ್ರಹಾಲಯದಲ್ಲಿ ಇದು ಇನ್ನಷ್ಟು ಖಚಿತವಾಯಿತು. 1979ರಲ್ಲಿ ತೆರೆದ ಆ ಜಾಗಕ್ಕೆ ಮೈಸೂರಿನಲ್ಲಿ ಬೆಳೆದ ಪ್ರತಿ ಮಗುವೂ ಒಮ್ಮೆಯಾದರೂ ಹೋಗಿರುತ್ತದೆ. ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಪುಟ್ಟ ರೈಲಿದೆ. ಅದರಲ್ಲಿ ಕುಳಿತಾಗ ಅವನು ನಕ್ಕ. ಇಳಿದ ಮೇಲೆ ಮಾತ್ರ ನಿಂತಿದ್ದ ಒಂದು ಹಬೆ ಎಂಜಿನ್ನಿನ ಮುಂದಿನಿಂದ ಕದಲಲೇ ಇಲ್ಲ. ಚಕ್ರದಿಂದ ಚಕ್ರಕ್ಕೆ ಹೋಗುವ ಕಬ್ಬಿಣದ ತೋಳಿನ ಉದ್ದಕ್ಕೂ ಬೆರಳು ಎಳೆಯುತ್ತ ನಡೆದ, ಮತ್ತೆ ಹಿಂದಕ್ಕೆ ಬಂದ. ಬಾಯಲ್ಲಿ 'ಚುಕುಬುಕು' ಎನ್ನುತ್ತಿದ್ದ. ಅವನು ಹತ್ತಿದ ರೈಲನ್ನೆಲ್ಲ ಎಳೆದದ್ದು ವಿದ್ಯುತ್ ಎಂಜಿನ್, ಅದು ಎಂದೂ ಚುಕುಬುಕು ಎಂದಿಲ್ಲ. ಆ ಸದ್ದು ನಮ್ಮ ಬಾಯಿಂದ ಅವನ ಬಾಯಿಗೆ ಬಂದದ್ದು, ನಮ್ಮ ಬಾಯಿಗೆ ನಮ್ಮ ಹಿರಿಯರಿಂದ. ಹಬೆಯ ಗಾಡಿಗಳು ಹೋದ ಮೇಲೂ ಅವುಗಳ ಉಸಿರು ಮಕ್ಕಳ ಬಾಯಲ್ಲಿ ಉಳಿದುಕೊಂಡಿರುವುದು ನನಗೆ ಬಹಳ ಇಷ್ಟ.

ಗೇಜಿನ ಮಾತು

ಎರಡನೆಯ ರೈಲನ್ನು ಹುಡುಕಲು ಹೊರಟಾಗ ನನಗೆ ನೆನಪಾದದ್ದು ಚಾಮರಾಜಪುರಂ ನಿಲ್ದಾಣ. ನಮ್ಮ ಮನೆಗೆ ಅದರ ಹಾರ್ನ್ ಕೇಳಿಸುತ್ತದೆ. ನಾನು ಚಿಕ್ಕವಳಿದ್ದಾಗ ನಂಜನಗೂಡು, ಚಾಮರಾಜನಗರದ ಕಡೆಗೆ ಹೋಗುವ ಆ ದಾರಿ ಮೀಟರ್ ಗೇಜ್, ಹಳಿಗಳ ನಡುವೆ 1000 ಮಿಲಿಮೀಟರ್. ಬೆಂಗಳೂರಿನ ದಾರಿ ಅಷ್ಟರಲ್ಲಿ ಬ್ರಾಡ್ ಗೇಜ್ ಆಗಿತ್ತು, ಅಂದರೆ 1676 ಮಿಲಿಮೀಟರ್. ಆ ಅರ್ಧ ಮಾರಿಗೂ ಕಡಿಮೆಯ ವ್ಯತ್ಯಾಸಕ್ಕಾಗಿ ಮಂಡ್ಯದಿಂದ ನಂಜನಗೂಡಿನ ಜಾತ್ರೆಗೆ ಹೋಗುವವರು ಮೈಸೂರಿನಲ್ಲಿ ಗಂಟುಮೂಟೆ ಇಳಿಸಿ, ಮಕ್ಕಳನ್ನು ಎಣಿಸಿಕೊಂಡು, ಇನ್ನೊಂದು ಗಾಡಿ ಹತ್ತಬೇಕಿತ್ತು. ಆಟಿಕೆ ಅಂಗಡಿಯಲ್ಲೂ ಇದೇ ಕಥೆ, ಯಾರೂ ಮೊದಲೇ ಹೇಳುವುದಿಲ್ಲ ಅಷ್ಟೇ. ಒಂದು ಪೆಟ್ಟಿಗೆಯ ಪ್ಲಾಸ್ಟಿಕ್ ಹಳಿ ಇನ್ನೊಂದು ಪೆಟ್ಟಿಗೆಯದಕ್ಕೆ ಕೂಡುವುದಿಲ್ಲ. ಒಂದು ತುಂಡಿನ ನಾಲಿಗೆ ಮುರಿಯಿತೆಂದರೆ ಇಡೀ ವೃತ್ತ ಹೋಯಿತು, ಬಿಡಿ ತುಂಡು ಸಿಗುವುದಿಲ್ಲ. ನಮ್ಮ ಮೊದಲ ರೈಲು ಹಾಗೆಯೇ ಎರಡು ತಿಂಗಳಲ್ಲಿ ಮುಗಿಯಿತು.

ಇದಕ್ಕೆ ಹೊರತಾದದ್ದು ಮರದ ಹಳಿ. ಸ್ವೀಡನ್ನಿನ ಬ್ರಿಯೊ ಕಂಪನಿ 1958ರಲ್ಲಿ ಮಾರಲು ಶುರುಮಾಡಿದ ಮರದ ರೈಲು ನಿಧಾನವಾಗಿ ಎಲ್ಲರಿಗೂ ಅಳತೆಯಾಯಿತು. ಸುಮಾರು 40 ಮಿಲಿಮೀಟರ್ ಅಗಲದ ಮರದ ಪಟ್ಟಿ, ಅದರಲ್ಲಿ ಚಕ್ರ ಹೋಗಲು ಎರಡು ಗಾಡಿಜಾಡು, ಒಂದು ತುದಿಯಲ್ಲಿ ಗುಂಡನೆಯ ನಾಲಿಗೆ, ಇನ್ನೊಂದು ತುದಿಯಲ್ಲಿ ಅದು ಕೂರುವ ಕಚ್ಚು. ಐಕಿಯಾದವರ ಮರದ ರೈಲು ಸೇರಿದಂತೆ ಬೇರೆ ಬೇರೆ ತಯಾರಕರ ಹಳಿಗಳು ಇದಕ್ಕೆ ಹೊಂದುತ್ತವೆ. ಜಪಾನಿನ ನೀಲಿ ಹಳಿಯ ಪ್ಲಾರೈಲ್ ಕೂಡ 1959ರಿಂದ ಬಂದ ಗಟ್ಟಿ ಮನೆತನ, ಆದರೆ ಅದರ ಗೇಜ್ ಅದರದೇ. ಯಾವುದನ್ನೇ ಕೊಳ್ಳಿ, ಕೊಂಡ ದಿನವೇ ಮನೆಯ ಗೇಜ್ ತೀರ್ಮಾನವಾಯಿತು ಎಂದು ತಿಳಿಯಿರಿ. ಮುಂದೆ ಹುಟ್ಟುಹಬ್ಬಕ್ಕೆ ಅತ್ತೆ ತರುವುದು, ಚಿಕ್ಕಪ್ಪ ತರುವುದು ಎಲ್ಲವೂ ಅದಕ್ಕೆ ಹೊಂದಿದರೆ ಮಾತ್ರ ಆಟ ಬೆಳೆಯುತ್ತದೆ.

ಗೆಳತಿಯ ಮನೆಯಲ್ಲಿ ಅಂಥ ಮರದ ಹಳಿಯ ಮೇಲೆ ಮಗ ಒಂದು ಮಧ್ಯಾಹ್ನ ಆಡಿದ. ಅಲ್ಲಿ ನನಗೆ ಮೆಚ್ಚುಗೆಯಾದದ್ದು ಆ ಕಚ್ಚುಗಳ ಸಡಿಲ. ಬಾಗಿದ ತುಂಡುಗಳು ಎಂಟು ಸೇರಿದರೆ ಒಂದು ಸುತ್ತು. ಮಗು ಲೆಕ್ಕ ತಪ್ಪಿ ನಡುವೆ ನೇರ ತುಂಡೊಂದನ್ನು ಸೇರಿಸಿದರೂ ಸ್ವಲ್ಪ ಎಳೆದು, ಸ್ವಲ್ಪ ತಿರುಗಿಸಿದರೆ ಎಷ್ಟೋ ಸಲ ತುದಿಗಳು ಕೂಡಿಬಿಡುತ್ತವೆ. ಬಿಗಿಯಾಗಿ ಕೂರುವ ಹಳಿ ತಪ್ಪನ್ನು ಸಹಿಸುವುದಿಲ್ಲ, ಇದು ಸಹಿಸುತ್ತದೆ. ಬೋಗಿಗಳನ್ನು ಕೂಡಿಸುವುದು ಆಯಸ್ಕಾಂತ. ಆ ಸೆಟ್ಟಿನಲ್ಲಿ ಆಯಸ್ಕಾಂತ ತಿರುಗದಂತೆ ಕೂರಿಸಿದ್ದರು, ಬೋಗಿಯನ್ನು ಹಿಂದುಮುಂದು ಮಾಡಿದರೆ ಅದು ಹತ್ತಿರ ಬಾರದೆ ದೂರ ಸರಿಯುತ್ತಿತ್ತು. ಅವನು ಹದಿನೈದು ನಿಮಿಷ ರೈಲನ್ನು ಮರೆತು ಒಂದು ಬೋಗಿಯಿಂದ ಇನ್ನೊಂದನ್ನು ಮುಟ್ಟದೆಯೇ ದೂಡುತ್ತಿದ್ದ.

ಆಯಸ್ಕಾಂತದ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಅದು ಕಿತ್ತುಬರುವಂತಿದ್ದರೆ ಆ ಆಟಿಕೆಯನ್ನು ಮನೆಗೆ ತರಬೇಡಿ. ಮಗು ಎರಡು ಆಯಸ್ಕಾಂತಗಳನ್ನು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಎಳೆದುಕೊಂಡು ಕರುಳನ್ನೇ ತೂತು ಮಾಡಬಲ್ಲವು. ಗುಂಡಿಯಂಥ ಚಪ್ಪಟೆ ಸೆಲ್ ಅದಕ್ಕಿಂತ ಭಯಂಕರ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಲ್ಲದು. ಸೆಲ್ಲಿನ ಮುಚ್ಚಳಕ್ಕೆ ತಿರುಪು ಇರಲೇಬೇಕು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆಯಿದೆ, ಅದರೊಳಗೆ ಪೂರ್ತಿ ಅಡಗುವ ಬಿಡಿಭಾಗ ಗಂಟಲಿಗೂ ಅಡಗುತ್ತದೆ ಎಂದು ಲೆಕ್ಕ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೂ ಗುರುತಿಲ್ಲದ ಪೆಟ್ಟಿಗೆಗಳು ಜಾತ್ರೆಯಲ್ಲಿ, ಪಾದಚಾರಿ ಮಾರ್ಗದಲ್ಲಿ ಬೇಕಾದಷ್ಟು ಸಿಗುತ್ತವೆ. ಬಣ್ಣವೂ ಸಣ್ಣ ವಿಷಯವಲ್ಲ. 2007ರಲ್ಲಿ ಅಮೆರಿಕದಲ್ಲಿ ಥಾಮಸ್ ಹೆಸರಿನ ಮರದ ರೈಲುಗಳ ಬಣ್ಣದಲ್ಲಿ ಸೀಸ ಸಿಕ್ಕಿ ಸುಮಾರು 15 ಲಕ್ಷ ಆಟಿಕೆಗಳನ್ನು ವಾಪಸು ಪಡೆಯಬೇಕಾಯಿತು. ಮರ ಎಂದಾಕ್ಷಣ ಕಣ್ಣು ಮುಚ್ಚಿ ನಂಬುವಂತಿಲ್ಲ ಎಂದು ನಾನು ಕಲಿತದ್ದು ಅದನ್ನು ಓದಿದ ಮೇಲೆ.

ಮರದ ಹಳಿಯ ಸೆಟ್ಟು ಒಳ್ಳೆಯದೇ. ಮನೆಗೆ ಒಂದನ್ನು ತರಿಸುವುದರಲ್ಲೇ ಇದ್ದೆ. ಆ ಮಧ್ಯಾಹ್ನದ ಕೊನೆಯಲ್ಲಿ ಮಗ ಮಾಡಿದ್ದು ನನ್ನನ್ನು ತಡೆಯಿತು. ಅವನು ಬೋಗಿಗಳನ್ನು ಹಳಿಯಿಂದ ಇಳಿಸಿ, ನೆಲದ ಟೈಲ್ಸಿನ ಗೆರೆಯ ಮೇಲೆ, ಬಾಗಿಲು ದಾಟಿ, ಊಟದ ಕೋಣೆಯವರೆಗೆ ತಳ್ಳಿಕೊಂಡು ಹೋದ. ಕೆನ್ನೆಯನ್ನು ನೆಲಕ್ಕೆ ಒತ್ತಿ, ಚಕ್ರದ ಮಟ್ಟಕ್ಕೆ ಕಣ್ಣಿಟ್ಟುಕೊಂಡಿದ್ದ. ಹಳಿ ಇದ್ದಷ್ಟು ಜಾಗ ಅವನ ಊರುಗಳಿಗೆ ಸಾಲುತ್ತಿರಲಿಲ್ಲ. ಮಂಡ್ಯ ಆ ಮನೆಯ ಊಟದ ಕೋಣೆಯಲ್ಲಿತ್ತು.

ದುಂಡಗಿನದು ಮಾತ್ರ ಹುಟ್ಟುವ ಕಡೆ

ಹಾಗಾಗಿ ಹಳಿಯಿಲ್ಲದ ರೈಲು ಹುಡುಕಿಕೊಂಡು ಒಂದು ಶನಿವಾರ ನಾವು ಮಂಡ್ಯದಲ್ಲಿ ಇಳಿಯದೆ, ಮದ್ದೂರು ದಾಟಿ ಚನ್ನಪಟ್ಟಣಕ್ಕೆ ಹೋದೆವು. ಮಂಡ್ಯದಲ್ಲಿ ಗಾಡಿ ನಿಂತಾಗ ಇಳಿಯಲಿಲ್ಲವೆಂದು ಮಗ ಕಂಗಾಲಾದ. "ಇದು ಮುಂದಿನ ಊರು" ಎಂದು ಸಮಾಧಾನ ಮಾಡಿದೆ. ಅಜ್ಜಿಯ ಊರಿನ ಆಚೆಗೂ ಊರುಗಳಿವೆ ಎಂದು ಅವನಿಗೆ ತಿಳಿದದ್ದು ಅಂದೇ.

ಒಂದು ಮನೆಯ ಮುಂಭಾಗದಲ್ಲೇ ಕಾರ್ಖಾನೆ. ಅರುವತ್ತು ದಾಟಿದ ಒಬ್ಬರು ಲೇತಿನ ಮುಂದೆ ಕುಳಿತಿದ್ದರು. ಆಲೆ ಮರದ ತುಂಡು ಬೆಳ್ಳಗೆ, ಹಾಲಿನ ಕೆನೆಯ ಬಣ್ಣ. ಅದನ್ನು ಯಂತ್ರಕ್ಕೆ ಕಚ್ಚಿಸಿ ತಿರುಗಲು ಬಿಟ್ಟು, ಉಳಿ ತಾಗಿಸಿದರೆ ಮರದ ಸುರುಳಿಗಳು ಅವರ ಮುಂಗೈ ಮೇಲೆಲ್ಲ ಬಂದು ಬೀಳುತ್ತಿದ್ದವು. ಮೂರು ನಿಮಿಷದಲ್ಲಿ ಒಂದು ಕೊಳವೆಯಾಕಾರ. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತ ಹೋಯಿತು. ಮೊದಲು ಗೆರೆಗೆರೆಯಾಗಿ, ಮಂಕಾಗಿ ಕಂಡಿತು. ಒಣಗಿದ ಕೇದಗೆ ಎಲೆಯ ತುಂಡೊಂದನ್ನು ಮಡಿಸಿ ಅದರ ಮೇಲೆ ಒತ್ತಿ ಹಿಡಿದಾಗ ಗೆರೆಗಳೆಲ್ಲ ಒಂದಾಗಿ, ಮಂಕು ಹರಿದು, ಕೆಂಪು ಕನ್ನಡಿಯಂತೆ ಹೊಳೆಯಿತು. ಅರಗು ಸುಟ್ಟ ಸಿಹಿ ವಾಸನೆ ಸ್ವಲ್ಪ ಹೊತ್ತು ನಿಂತಿತ್ತು. ಮಗ ನನ್ನ ಸೆರಗು ಹಿಡಿದುಕೊಂಡು ಬಾಯಿ ತೆರೆದು ನೋಡುತ್ತಿದ್ದ.

ಚನ್ನಪಟ್ಟಣದ ರೈಲುಗಳು ಹೆಚ್ಚಾಗಿ ಹಬೆ ಎಂಜಿನ್ನಿನ ಆಕಾರದಲ್ಲೇ ಏಕೆ ಇರುತ್ತವೆ ಎಂದು ಅಲ್ಲಿ ಕುಳಿತಾಗ ಹೊಳೆಯಿತು. ಲೇತಿನ ಮೇಲೆ ಹುಟ್ಟುವುದೆಲ್ಲ ದುಂಡಗೆ. ಬಾಯ್ಲರ್ ದುಂಡಗೆ, ಹೊಗೆಕೊಳವೆ ದುಂಡಗೆ, ಚಕ್ರ ದುಂಡಗೆ. ಇಂದಿನ ವಿದ್ಯುತ್ ಎಂಜಿನ್ ಒಂದು ಪೆಟ್ಟಿಗೆ, ಲೇತಿಗೆ ಅದು ಒಗ್ಗದ ಆಕಾರ. ಹಳಿಯ ಮೇಲಿಂದ ಹೋದ ಎಂಜಿನ್ ಈ ಊರಿನಲ್ಲಿ ಇನ್ನೂ ಹುಟ್ಟುತ್ತಿರುವುದಕ್ಕೆ ಯಂತ್ರದ ಈ ಗುಣವೂ ಒಂದು ಕಾರಣವಿರಬೇಕು.

ಅವರು ತೋರಿಸಿದ ರೈಲಿನಲ್ಲಿ ಬೋಗಿಗಳನ್ನು ದಾರದಿಂದ ಕಟ್ಟಿದ್ದರು. ಬೋಗಿ ಬಿಚ್ಚಿ ಸೇರಿಸುವಂತಿರಬೇಕು ಎಂದೆ. "ಎಷ್ಟು ವರ್ಷದ ಮಗು?" ಎಂದು ಕೇಳಿ, ಮಗನ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಬೆರಳುಗಳನ್ನು ನೋಡಿದರು. ಕಬ್ಬಿಣದ ಕೊಕ್ಕೆ ಬೇಡ, ಚುಚ್ಚುತ್ತದೆ ಎಂದರು. ಬೋಗಿಯ ಹಿಂಭಾಗದಲ್ಲಿ ಒಂದು ಮರದ ಗೂಟ, ಮುಂದಿನದರಲ್ಲಿ ಅದಕ್ಕೆ ಕೂರುವ ಮರದ ಬಳೆ. ಎತ್ತಿದರೆ ಬಿಡುತ್ತದೆ, ಇಳಿಸಿದರೆ ಕೂರುತ್ತದೆ. ಬೋಗಿಯ ತಲೆಯಲ್ಲಿ ಎರಡೆರಡು ಕುಳಿ, ಅವುಗಳಲ್ಲಿ ಕೂರಲು ಹೆಬ್ಬೆರಳಿಗಿಂತ ದಪ್ಪನೆಯ ಮರದ ಜನ, ಗಂಟಲಿಗೆ ಹೋಗದ ಗಾತ್ರದವರು. ಈ ಊರಿನದೇ ಎನ್ನುವ ಭೌಗೋಳಿಕ ಗುರುತು (ಜಿಐ) ಪಡೆದ ಕರಕುಶಲವಾದ್ದರಿಂದ ಚನ್ನಪಟ್ಟಣದ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೆ ಐಎಸ್‌ಐ ಕಡ್ಡಾಯದಿಂದ ವಿನಾಯಿತಿಯಿದೆ. ಆದ್ದರಿಂದ ಬಣ್ಣ ಯಾವುದು ಎಂದು ನಾನೇ ಕೇಳಬೇಕಾಯಿತು. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ ಎಂದು ಅರಗಿನ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಹೆಸರಿಲ್ಲದ ಅಂಗಡಿಯಲ್ಲಿ 'ಚನ್ನಪಟ್ಟಣ' ಎಂದು ಮಾರುವ ಎಲ್ಲವೂ ಅರಗಿನದಲ್ಲ, ಎಣ್ಣೆ ಬಣ್ಣ ಬಳಿದದ್ದೂ ಇರುತ್ತದೆ. ಕೊಳ್ಳುವವರು ಕೇಳಬೇಕು.

ಎರಡು ವಾರ ಬಿಟ್ಟು ಬನ್ನಿ ಎಂದರು. 800 ರೂಪಾಯಿ. ಎಂಜಿನ್ ಮತ್ತು ನಾಲ್ಕು ಬೋಗಿ. ಮೊದಲಿನ ಬ್ಯಾಟರಿ ರೈಲಿಗೆ ನಾವು ಕೊಟ್ಟದ್ದು ಇದಕ್ಕಿಂತ ಹೆಚ್ಚು.

ಕ್ರಾಸಿಂಗ್

ಅದು ಮನೆಗೆ ಬಂದು ಈಗ ಒಂದು ವರ್ಷವಾಯಿತು. ಹಳಿಯಿಲ್ಲದ ರೈಲು, ಮನೆಯೆಲ್ಲ ಅದರ ದಾರಿ. ದೇವರ ಮನೆಯ ಹೊಸ್ತಿಲು ಮೈಸೂರು. ಎರಡು ಸೇತುವೆಗೆ ಎರಡು ನಿಘಂಟುಗಳು, ಅವುಗಳ ನಡುವಿನ ಚಾಪೆ ಶ್ರೀರಂಗಪಟ್ಟಣ. ಅಲ್ಲಿ ಎರಡನೆಯ ಹಳಿ ಹಾಕಲು 2017ರಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು ಒಡೆಯದೆ, ಇಡಿಯಾಗಿಯೇ ಎತ್ತಿ ಪಕ್ಕಕ್ಕೆ ಸರಿಸಿದ ಕಥೆಯನ್ನು ಅವನಿಗೆ ಹೇಳಿದ್ದೆ. ಮಾರನೆಯ ದಿನವೇ ದಾರಿಗೆ ಅಡ್ಡವಿದ್ದ ಅಕ್ಕಿ ಡಬ್ಬಿಯನ್ನು ಹೆಗಲು ಕೊಟ್ಟು ತಳ್ಳುತ್ತಿದ್ದ. ಹಾಗೆಯೇ ಒಂದೇ ಹಳಿಯಿದ್ದ ಕಾಲದ ಕ್ರಾಸಿಂಗಿನ ಕಥೆಯನ್ನೂ ಹೇಳಿದ್ದೇನೆ. ಎದುರು ಗಾಡಿ ಬರುವವರೆಗೆ ನಮ್ಮ ಗಾಡಿ ಯಲಿಯೂರಿನಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು, ಗಂಡಸರು ಇಳಿದು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು, ಅಮ್ಮ ಬುತ್ತಿ ಬಿಚ್ಚುತ್ತಿದ್ದರು. ಅವನಿಗೆ ಈ ಕಥೆ ಎಷ್ಟು ಹಿಡಿಸಿತೆಂದರೆ ಈಗ ಅವನ ಗಾಡಿಗೆ ಎಲ್ಲ ಊರಿನಲ್ಲೂ ಕ್ರಾಸಿಂಗ್.

ನಿನ್ನೆ ರಾತ್ರಿ ಮಲಗುವ ಹೊತ್ತಿಗೆ ರೈಲು ಮಂಚದ ಕಾಲಿನ ಪಕ್ಕ, ಪಾಂಡವಪುರದಲ್ಲಿ ನಿಂತಿತ್ತು. ಪೆಟ್ಟಿಗೆಗೆ ಇಡೋಣ ಎಂದೆ. "ಇಡಬೇಡ. ಎದುರು ಗಾಡಿ ಇನ್ನೂ ಬಂದಿಲ್ಲ" ಎಂದ. ಬೋಗಿಯ ಮೇಲಿದ್ದ ಮರದ ಜನರನ್ನು ಇಳಿಸಿ ನೆಲದ ಮೇಲೆ ಸಾಲಾಗಿ ನಿಲ್ಲಿಸಿದ, ಬಹುಶಃ ಬೇವಿನ ಮರದ ಕೆಳಗೆ. ಎಂಜಿನ್ನಿನ ಬಾಯ್ಲರಿನ ಮೇಲೆ, ಅವನು ಹಿಡಿದು ತಳ್ಳುವ ಜಾಗದಲ್ಲಿ, ಅರಗು ಸವೆದು ಹೆಬ್ಬೆರಳಗಲ ಬಿಳಿ ಮರ ಕಾಣಿಸುತ್ತಿದೆ.

ಬೆಳಿಗ್ಗೆ ನಾನು ಆ ಜನರನ್ನು ಬಿಟ್ಟು ಸುತ್ತಲಿನ ನೆಲವನ್ನಷ್ಟೇ ಗುಡಿಸಿದೆ. ಅಷ್ಟು ಹೊತ್ತಿಗೆ ಚಾಮರಾಜಪುರಂ ಕಡೆಯಿಂದ ಹಾರ್ನ್ ಕೇಳಿಸಿತು. ಗಾಡಿ ಬಂತೇನೋ ಎಂದು ಹಾಸಿಗೆಯ ಕಡೆ ನೋಡಿದೆ. ಹೊದಿಕೆಯ ಒಳಗಿನಿಂದಲೇ ಹೇಳಿದ: "ಅದಲ್ಲ. ಅದು ನಂಜನಗೂಡಿನದು."